ನಡುವಿನ ಫೋಟೊ

ಕಂಪ್ಲಿಯ ಅಕ್ಕಿ ಗಿರಣಿಗೆ ಕಾವ್ಯ ವೆಬ್‌ಸೈಟ್ ಮಾಡಿಕೊಟ್ಟಾಗ ಮನೆಮಂದಿಯೆಲ್ಲ ಹಿರಿಹಿರಿ ಹಿಗ್ಗಿದ್ದರು. ಹೊಸಪೇಟೆಯಲ್ಲಿ ಕಾಲೇಜು ಓದುತ್ತಿದ್ದ ಹುಡುಗಿ, ದೊಡ್ಡ ರಾದ್ಧಾಂತವೇನೂ ಬೇಡವೆಂದು ನಾಲ್ಕಾರು ಪುಟಗಳ ಸರಳ ಸೈಟ್ ಮಾಡಿದ್ದಳು. ಅದಕ್ಕೆ ಪುಟದ ಅಚ್ಚು ಮೊದಲೇ ಸಿದ್ಧವಿರುವ ಒಂದು ಫ್ರೇಮ್‌ವರ್ಕ್ ಬಳಸಿದ್ದಳು. ಲ್ಯಾಪ್‌ಟಾಪಾದರೂ ಸರಿ, ಮೊಬೈಲಾದರೂ ಸರಿ, ಪರದೆ ಎಷ್ಟಿದೆಯೋ ಅಷ್ಟಕ್ಕೆ ಪುಟ ತಾನೇ ಒಗ್ಗಿಕೊಳ್ಳುತ್ತದೆ ಎಂಬುದೇ ಅದರ ಹೆಚ್ಚುಗಾರಿಕೆ.

ಗಿರಣಿಯ ಯಜಮಾನರಾದ ಮೂವರು ಅಣ್ಣತಮ್ಮಂದಿರ ಫೋಟೊಗಳಿಗೆ ಒಂದು ಪುಟ. ಆ ಮನೆಯಲ್ಲಿ ಯಾವ ಫೋಟೊ ತೆಗೆದರೂ ಹಿರಿಯರು ನಡುವೆ ಕೂರಬೇಕು, ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಾವ್ಯಳೂ ಹಾಗೇ ಜೋಡಿಸಿದಳು: ನಡುವೆ ದೊಡ್ಡಪ್ಪ ಕೊಟ್ರಯ್ಯ, ಎಡಕ್ಕೆ ಅವಳ ಅಪ್ಪ ವೀರೇಶ್, ಬಲಕ್ಕೆ ಚಿಕ್ಕಪ್ಪ ಬಸವಕುಮಾರ್. ಲ್ಯಾಪ್‌ಟಾಪಿನಲ್ಲಿ ನೋಡಿದ ಕೊಟ್ರಯ್ಯ, "ಮಸ್ತ್ ಮಾಡೀಯವ್ವ" ಎಂದು ಬೆನ್ನು ತಟ್ಟಿದ್ದರು.

ಆಮೇಲೆ ಮರಿಯಮ್ಮನಹಳ್ಳಿಯ ಬೀಗರು ಅದನ್ನೇ ಮೊಬೈಲಿನಲ್ಲಿ ನೋಡಿ ಕೊಟ್ರಯ್ಯನವರಿಗೆ ಫೋನ್ ಹಚ್ಚಿದರು ನೋಡಿ, ಅಲ್ಲಿಗೆ ಕೆಟ್ಟಿತು.

"ಏನ್ರಿ ಬೀಗ್ರ, ಯಜಮಾನ್ಕಿ ತಮ್ಮಗ ಬಿಟ್ಟುಕೊಟ್ರೇನು? ಮ್ಯಾಲೆ ವೀರೇಶಪ್ಪ ಅದಾರ, ನೀವು ಅವರ ಕೆಳಗ ಅದೀರಿ."

ಮರುದಿನದಿಂದ ಕೊಟ್ರಯ್ಯ ಗಿರಣಿಯತ್ತ ತಲೆ ಹಾಕಲಿಲ್ಲ. "ನಾನೇನ್ ಮಾಡೀನಿ?" ಎಂದು ವೀರೇಶನೂ ಬಿಗಿದುಕೊಂಡ. ದೊಡ್ಡಮ್ಮ ಜಂಬಮ್ಮ ಕಾವ್ಯಳಿಗೆ ಫೋನ್ ಮಾಡಿ, "ಗಿರಣಿ ಪಾಲು ಮಾಡ್ಕೊಂಡುಬಿಡೋಣು ಅಂತಾರವ್ವ ನಿಮ್ಮ ದೊಡ್ಡಪ್ಪ" ಎಂದಾಗ ಅವಳು ಕಂಗಾಲಾದಳು. ಶಿವನೇ, ಮನೆ ಒಡೆದವಳೆಂಬ ಹೆಸರು ತನಗೇ ಬರಬೇಕೆ!

ಸೈಟನ್ನು ಮೊಬೈಲಿನಲ್ಲಿ ತೆರೆದಳು. ಪರದೆ ಸಣ್ಣದಾದಾಗ ಮೂರು ಫೋಟೊಗಳು ಒಂದರ ಕೆಳಗೊಂದು ಇಳಿದಿದ್ದವು. ಎಡಗಡೆಯದು ಮೇಲೆ, ನಡುವಿನದು ಅದರ ಕೆಳಗೆ. ಫ್ರೇಮ್‌ವರ್ಕಿಗೆ ಅಣ್ಣ ಯಾರು, ತಮ್ಮ ಯಾರು ಏನು ಗೊತ್ತು ಪಾಪ! ಲ್ಯಾಪ್‌ಟಾಪಿನಲ್ಲಷ್ಟೇ ನೋಡಿ ಬೀಗಿದ ತನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ ಎಂದು ಬೈದುಕೊಂಡಳು. ಸಣ್ಣ ಪರದೆಯಲ್ಲಿ ದೊಡ್ಡಪ್ಪನೇ ಮೊದಲು ಬರುವಂತೆ ತಿದ್ದಿ, ಪುಟವನ್ನು ಮತ್ತೆ ಏರಿಸಿ, ಕಂಪ್ಲಿ ಬಸ್ಸು ಹತ್ತಿದಳು.

ಕೊಟ್ರಯ್ಯ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು.

"ಅಪ್ಪಂದು ಏನೂ ತಪ್ಪಿಲ್ಲ ದೊಡ್ಡಪ್ಪ, ತಪ್ಪು ನಂದು. ಈಗ ಸರಿ ಮಾಡೀನಿ, ನೋಡ್ರಿ."

ಅವರು ಮೊಬೈಲ್ ಇಸಿದುಕೊಂಡರು. ಪರದೆಯ ತುಂಬ ಅವರೊಬ್ಬರೇ. ಬಹಳ ಹೊತ್ತು ನೋಡಿದರು, ಮುಖದಲ್ಲಿ ಗೆಲುವು ಬರಲಿಲ್ಲ.

"ಈರೇಶ ಎಲ್ಲಿ?"

"ಕೆಳಗ ಅದಾರ್ರಿ. ಬೆರಳಿಂದ ಮ್ಯಾಲೆ ಸರಸ್ರಿ."

ಸರಿಸಿದರು. ತಮ್ಮ ಬಂದ, ತಾವು ಮಾಯವಾದರು. ಕೆಳಗೆ ಎಳೆದರು. ತಾವು ಬಂದರು, ತಮ್ಮ ಹೋದ. ಮತ್ತೊಮ್ಮೆ ಹಾಗೇ ಮಾಡಿ ನೋಡಿದರು.

"ಒಬ್ಬ ಬಂದ್ರ ಇನ್ನೊಬ್ಬ ಇಲ್ಲ" ಎಂದರು. "ಹಿಂಗ ಬ್ಯಾಡವ್ವ. ಮೂರೂ ಮಂದಿ ಕೂಡಿ ಕುಂತಿದ್ದು ಒಂದ ಫೋಟೊ ಹಾಕು. ಅದನ್ನೂ ಇದು ಬ್ಯಾರೆ ಬ್ಯಾರೆ ಮಾಡತೈತೇನು?"

"ಇಲ್ರಿ. ಪರದೆ ಎಷ್ಟ ಸಣ್ಣದಾದ್ರೂ ನೀವು ಕೂಡೇ ಇರ್ತೀರಿ."

ಕೊಟ್ರಯ್ಯ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡು ತಾವಾಗಿಯೇ ತಮ್ಮನಿಗೆ ಫೋನ್ ಹಚ್ಚಿದರು.

"ಲೇ ಈರೇಶ, ಒಂದು ಚಲೋ ಅಂಗಿ ಹಾಕ್ಕೊ. ಬಸವಗೂ ಹೇಳು. ನಾ ಗಿರಣಿಗೆ ಬರಾಕತ್ತೀನಿ."