ಶರ್ವರಿಗೆ ಪುಣೆ ತೋರಿಸಿದ ದಿನ

ಸ್ಮಿತಾಳ ಫೋನ್ ಬಂದಾಗ ನಾನು ಮೆಸ್ಸಿನವರಿಗೆ ಚಪಾತಿ ಲಟ್ಟಿಸುತ್ತಿದ್ದೆ. ಕೈತುಂಬ ಹಿಟ್ಟು. ನಮ್ಮವರೇ ಫೋನನ್ನು ನನ್ನ ಕಿವಿಗೆ ಹಿಡಿದರು.

“ಆಯೀ, ಬರೋ ಭಾನುವಾರ ಪುಣೇಲೇ, ಬಿಬ್ವೇವಾಡೀಲಿ ನನ್ನ ಚಿಕ್ಕಪ್ಪನ ಮಗಳ ಮದುವೆ. ಶರ್ವರೀನ ಕರ್ಕೊಂಡು ಬರ್ತಿದ್ದೀನಿ. ಬೆಳಿಗ್ಗೆ ಹತ್ತರಿಂದ ಐದರ ತನಕ ನಿಮ್ಮ ಜೊತೆ ಇರ್ಲಿ.”

ಸ್ಮಿತಾ ನಮ್ಮ ಸೊಸೆಯಾಗಿದ್ದವಳು. ನಮ್ಮ ಹೇಮಂತ ಕಾಮಾಲೆಗೆ ಸಿಕ್ಕಿ ಹನ್ನೆರಡೇ ದಿನಕ್ಕೆ ಹೋದಾಗ ಶರ್ವರಿಗೆ ಮೂರು ವರ್ಷ. ಅದಾಗಿ ಒಂದೂವರೆ ವರ್ಷಕ್ಕೆ ಸ್ಮಿತಾ ಮತ್ತೆ ಮದುವೆಯಾಗಿ ನಾಗಪುರಕ್ಕೆ ಹೋದಳು. ಆಗಲಿ ಎಂದು ಅಕ್ಷತೆ ಹಾಕಿದವರಲ್ಲಿ ನಾವೂ ಇದ್ದೆವು. ಆದರೆ ಮಗುವನ್ನು ನೋಡಿ ಮೂರೂವರೆ ವರ್ಷ ಆಗಿತ್ತು.

“ಇನ್ನೊಂದು ಮಾತು, ಆಯೀ,” ಎಂದಳು ಸ್ಮಿತಾ. ದನಿ ತಗ್ಗಿತು. “ಮನೆಗೆ ಬೇಡ. ಅವಳಪ್ಪನ ಮಾತೂ ತೆಗೀಬೇಡಿ. ಈಗಷ್ಟೇ ಇಲ್ಲಿ ಹೊಂದಿಕೊಂಡಿದ್ದಾಳೆ. ರಾತ್ರಿ ಎದ್ದು ಅಳೋದು ನಿಂತಿದೆ. ಊರು ತೋರ್ಸಿ, ಸಾಕು.”

“ಆಯ್ತಮ್ಮ,” ಎಂದೆ. ಬೇರೇನು ಹೇಳಲಿ?

ನಮ್ಮವರು ಮೂವತ್ತೊಂದು ವರ್ಷ ಪುಣೆಯ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಭಾನುವಾರ ಬಂತೆಂದರೆ ಅಜ್ಜ ಅಜ್ಜಿಯರು ಮೊಮ್ಮಕ್ಕಳನ್ನು ಕಟ್ಟಿಕೊಂಡು ಅವರ ಬಸ್ಸಿಗೇ ಹತ್ತುತ್ತಿದ್ದರು. ಯಾವ ತೋಟದಲ್ಲಿ ಯಾವ ಗಂಟೆಗೆ ನೆರಳು, ಎಲ್ಲಿ ನೀರು ಸಿಗುತ್ತದೆ, ಎಲ್ಲವನ್ನೂ ಅವರೇ ಹೇಳಿ ಇಳಿಸುತ್ತಿದ್ದರು. ಆ ವಾರವೆಲ್ಲ ಹಳೇ ಕ್ಯಾಲೆಂಡರಿನ ಹಾಳೆ ಮಗುಚಿ ಬರೆದದ್ದೇ ಬರೆದದ್ದು. ಹತ್ತೂಮುಕ್ಕಾಲಿಗೆ ಶನಿವಾರವಾಡೆ. ಹನ್ನೊಂದೂವರೆಗೆ ಮ್ಯೂಸಿಯಂ. ಒಂದಕ್ಕೆ ಊಟ. ಆಮೇಲೆ ಮಕ್ಕಳ ಪುಟ್ಟ ರೈಲು, ಸಾರಸಬಾಗ್ ತೋಟ, ಅಲ್ಲೇ ಭೇಳ್.

“ಮಗು ಉಸಿರಾಡೋಕೆ ಒಂದು ಸ್ಟಾಪ್ ಇಡ್ರೀ,” ಎಂದೆ.

“ಇದು ಎಕ್ಸ್‌ಪ್ರೆಸ್ ಗಾಡಿ ಕಣೇ ಶೇವಂತಾ. ಏಳು ಗಂಟೇಲಿ ಮೂರೂವರೆ ವರ್ಷ ಮುಗಿಸ್ಬೇಕು,” ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು.

ಭಾನುವಾರ ಕಲ್ಯಾಣಮಂಟಪದ ಗೇಟಿನಲ್ಲಿ ಸ್ಮಿತಾ ಮಗುವಿನ ಕೈ ಹಿಡಿದು ನಿಂತಿದ್ದಳು. ಗುಲಾಬಿ ಫ್ರಾಕು, ಎರಡು ಜಡೆ, ಹೊಸ ಬೂಟು. ನಾನು ನೆನಪಿನಲ್ಲಿಟ್ಟುಕೊಂಡಿದ್ದ ಮಗು ಸೊಂಟಕ್ಕೆ ಕೂರುವಂಥದ್ದು. ಇವಳು ನನ್ನ ಎದೆಮಟ್ಟ ಇದ್ದಳು. ಹಣೆ ಮಾತ್ರ ಹೇಮಂತನದೇ. ನಾನು ಬೇರೆ ಕಡೆ ನೋಡಿದೆ.

“ನಮಸ್ಕಾರ ಮಾಡು. ಪುಣೆ ಆಜೋಬಾ, ಪುಣೆ ಆಜಿ.”

ಅವಳು ಬಗ್ಗಿ ನಮ್ಮ ಕಾಲು ಮುಟ್ಟಿದಳು. ಪಕ್ಕದ ಮನೆಯವರಿಗೆ ಮಾಡಿದಂತೆ, ಶಿಸ್ತಾಗಿ.

ಶನಿವಾರವಾಡೆಯ ದೊಡ್ಡ ಬಾಗಿಲು ದಾಟಿ ಒಳಗೆ ಹೋದವಳು ಸುತ್ತ ನೋಡಿ ಕೇಳಿದಳು: “ಅರಮನೆ ಎಲ್ಲಿ?”

“ಇಲ್ಲೇ ಇತ್ತು ಮಗಾ. ಏಳಂತಸ್ತು,” ಎಂದರು ನಮ್ಮವರು, ಆಕಾಶಕ್ಕೆ ಕೈ ಎತ್ತಿ.

“ಬರೀ ಹುಲ್ಲಿದೆಯಲ್ಲ.”

“ಸುಟ್ಟುಹೋಯ್ತು. ಇನ್ನೂರು ವರ್ಷ ಆಯ್ತು.”

“ಮತ್ತೆ ಇಷ್ಟೊಂದು ಜನ ಏನು ನೋಡೋಕೆ ಬರ್ತಾರೆ?”

ನಮ್ಮವರು ತಲೆ ಕೆರೆದುಕೊಂಡರು. “ಇತ್ತಲ್ಲ ಮಗಾ, ಅದಕ್ಕೇ ಬರ್ತಾರೆ.”

ಮ್ಯೂಸಿಯಮ್ಮಿನಲ್ಲಿ ಹಿತ್ತಾಳೆ ದೀಪಗಳ ಮುಂದೆ ಸ್ವಲ್ಪ ಹೊತ್ತು ನಿಂತಳು. ಗಾಜಿನ ಪೆಟ್ಟಿಗೆಯಲ್ಲಿದ್ದ ಅಡಕತ್ತರಿಗಳನ್ನು ನೋಡಿ, “ನನ್ನ ಅಜ್ಜನ ಹತ್ರಾನೂ ಒಂದಿದೆ,” ಎಂದಳು. ಯಾವ ಅಜ್ಜ ಎಂದು ನಾನು ಕೇಳಲಿಲ್ಲ. ನಮ್ಮವರು ಅಡಿಕೆ ಹಾಕುವವರಲ್ಲ. ಅವರು ಮುಂದಿನ ಕೋಣೆಗೆ ಬೇಗ ಬೇಗ ನಡೆದರು, ವಾಚು ನೋಡಿಕೊಳ್ಳುತ್ತ.

ಊಟದ ಹೊತ್ತಿಗೆ ಅವಳು ಕುಂಟುತ್ತಿದ್ದಳು. ಕೇಳಿದರೆ, “ಏನಿಲ್ಲ.” ಬೂಟು ಬಿಚ್ಚಿಸಿದೆ. ಹಿಮ್ಮಡಿಯಲ್ಲಿ ಗುಳ್ಳೆ ಎದ್ದು ಒಡೆದಿತ್ತು. ಬೆಳಿಗ್ಗೆಯಿಂದ ಉರಿ ತಡೆದುಕೊಂಡು ನಮ್ಮ ಹಿಂದೆ ನಡೆದಿದ್ದಳು, ಮಗು.

“ಹೇಳೋದಲ್ವಾ ಪುಟ್ಟೀ?”

“ಆಜೋಬಾ ಚೀಟಿ ಬರ್ಕೊಂಡು ಬಂದಿದ್ದಾರಲ್ಲ,” ಎಂದಳು. “ಅಮ್ಮ ಹೇಳಿದ್ಲು, ಹಟ ಮಾಡ್ಬಾರ್ದು ಅಂತ.”

ನಮ್ಮವರು ಆ ಕ್ಯಾಲೆಂಡರ್ ಹಾಳೆಯನ್ನು ನಾಲ್ಕಾಗಿ, ಎಂಟಾಗಿ ಮಡಚಿ ಜೇಬಿಗೆ ತುರುಕಿದರು. ಮತ್ತೆ ತೆಗೆಯಲಿಲ್ಲ. ನನ್ನ ಕರವಸ್ತ್ರ ಹರಿದು ಅವಳ ಹಿಮ್ಮಡಿಗೆ ಕಟ್ಟಿದೆ. ಬೂಟುಗಳನ್ನು ಅವರು ಕೈಯಲ್ಲಿ ಹಿಡಿದುಕೊಂಡರು.

ಪುಟ್ಟ ರೈಲಿನಲ್ಲಿ ಮಾತ್ರ ಅವಳಿಗೆ ನಡೆಯುವ ಕೆಲಸವಿರಲಿಲ್ಲ. ನಮ್ಮಿಬ್ಬರ ನಡುವೆ ಕುಳಿತಳು. ಅಷ್ಟು ಚಿಕ್ಕ ಬೋಗಿ, ನಮ್ಮವರ ಮಂಡಿ ಗದ್ದಕ್ಕೆ ಬಡಿಯುತ್ತಿತ್ತು. ಅವಳು ಮೊದಲ ಸಲ ಕಿಲಕಿಲ ನಕ್ಕಳು. ಮರಗಳ ನಡುವೆ ಒಂದು ಸುತ್ತು ಬಂದು ಇನ್ನೇನು ರೈಲು ನಿಲ್ಲಬೇಕು, ಆಗ ಕೇಳಿದಳು:

“ಆಜೀ, ಒಂದು ಮನೇಲಿ ಕಿಟಕಿಯಿಂದ ರೈಲು ಕಾಣ್ತಿತ್ತು. ದೊಡ್ಡ ರೈಲು. ನಾನು ಯಾರದೋ ಹೆಗಲ ಮೇಲೆ ಕೂತು ಟಾಟಾ ಮಾಡ್ತಿದ್ದೆ. ಅದು ಕನಸಾ?”

ಖಡಕಿಯ ನಮ್ಮ ಮನೆಯ ಅಡುಗೆಮನೆ ಕಿಟಕಿಯಾಚೆ ಮುಂಬೈ ಲೈನು. ದಿನಾ ಸಂಜೆ ಹೇಮಂತ ಅವಳನ್ನು ಹೆಗಲಿಗೇರಿಸಿಕೊಂಡು ಅಲ್ಲಿ ನಿಲ್ಲುತ್ತಿದ್ದ.

“ಅಮ್ಮನ್ನ ಕೇಳಿದ್ರೆ ಕನಸಿರ್ಬೇಕು ಅಂತಾಳೆ,” ಎಂದಳು.

ನಾನು ನಮ್ಮವರ ಮುಖ ನೋಡಿದೆ. ಕೊಟ್ಟ ಮಾತು ನನ್ನದು. ಆದರೆ ಎಂಟು ವರ್ಷದ ಮಗುವಿನ ಕಣ್ಣಲ್ಲಿ ಕಣ್ಣಿಟ್ಟು ಅದು ಕನಸು ಎಂದು ಹೇಳುವುದು ನನ್ನಿಂದ ಆಗಲಿಲ್ಲ.

“ಕನಸಲ್ಲ,” ಎಂದರು ನಮ್ಮವರು. “ಅದು ನಮ್ಮ ಮನೆ.”

“ಹತ್ರ ಇದೆಯಾ?”

ಆಗ ಮೂರು ಗಂಟೆ. ಖಡಕಿ ಊರಿನ ಇನ್ನೊಂದು ತುದಿ. ಹೋಗಿ ಬರುವುದಕ್ಕೇ ಒಂದೂವರೆ ಗಂಟೆ ಬೇಕು. ಇದನ್ನೆಲ್ಲ ಲೆಕ್ಕ ಹಾಕಲು ಆ ಮನುಷ್ಯನಿಗೆ ಒಂದು ಗಳಿಗೆ ಸಾಕು. ಹುಟ್ಟಿದಮೇಲೆ ಬಸ್ಸು ಬಿಟ್ಟು ಬೇರೆ ಗಾಡಿ ಹತ್ತದವರು ರಸ್ತೆಗಿಳಿದು ರಿಕ್ಷಾಕ್ಕೆ ಕೈ ಅಡ್ಡ ಹಿಡಿದರು.

“ರೀ, ಸ್ಮಿತಾ...” ಎಂದೆ.

“ಬೈಗುಳ ನಾನು ತಿಂತೀನಿ. ನೀನು ಹತ್ತು.”

ಮನೆ ಸೇರಿದಾಗ ಮೂರೂಮುಕ್ಕಾಲು. ಅವಳು ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಗೋಡೆಯ ಮೇಲೆ ಗಂಧದ ಹಾರ ಹಾಕಿದ ಹೇಮಂತನ ಫೋಟೋ. ಅದನ್ನು ನೋಡಿದಳು. “ಇವ್ರೇ ಅಲ್ವಾ?” ಎಂದಳು. ನಾನು ಹೂಂ ಎಂದೆ. ಅಷ್ಟೇ. ಕುಂಟುತ್ತಲೇ ನೇರ ಅಡುಗೆಮನೆಗೆ ಹೋದಳು. ಯಾರೂ ದಾರಿ ತೋರಿಸಲಿಲ್ಲ.

ರೈಲಿರಲಿಲ್ಲ. ಬರೀ ಹಳಿ, ಆಚೆ ಒಣಗಿದ ಪೊದೆ. “ಈಗ ಬರುತ್ತೆ,” ಎಂದರು ನಮ್ಮವರು. ಕಿಟಕಿ ಪಕ್ಕ ನಾನು ಮಧ್ಯಾಹ್ನ ಸೊಂಟ ಚಾಚುವ ಹಳೇ ಮಂಚ. ಅವಳು ಅದರ ಮೇಲೆ ಮೊಣಕಾಲೂರಿ ಕಾದಳು. ಆಮೇಲೆ ಕುಳಿತಳು. ನಾನು ಹಾಲಿಗೆ ಸಕ್ಕರೆ ಹಾಕಿ ತಿರುಗುವಷ್ಟರಲ್ಲಿ ಸರಳಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಮೆಲ್ಲಗೆ ಮಲಗಿಸಿದೆ. ಬಾಯಿ ಸ್ವಲ್ಪ ತೆರೆದಿತ್ತು.

ನಾಲ್ಕೂಕಾಲಿಗೆ ನಮ್ಮವರು, “ಎಬ್ಬಿಸು. ಈಗ ಹೊರಟ್ರೆ ಐದಕ್ಕೆ ಮುಟ್ಟಿಸಬಹುದು,” ಎಂದರು.

“ನೀವೇ ಎಬ್ಬಿಸಿ.”

ಅವರು ಮಂಚದ ಹತ್ತಿರ ಬಂದರು. ಬಗ್ಗಿದರು. ಕೈ ಮುಂದೆ ಹೋಯಿತು, ಹಾಗೇ ಹಿಂದೆ ಬಂತು. ನೆಲದ ಮೇಲೆ ಕೂತುಬಿಟ್ಟರು. ನಾನೂ ಕೂತೆ. ಒಂದು ರೈಲು ಹೋಯಿತು, ಪಾತ್ರೆಗಳೆಲ್ಲ ಅದುರಿದವು, ಅವಳು ಮಗ್ಗುಲು ಬದಲಿಸಿದಳು ಅಷ್ಟೇ. ಅಷ್ಟು ವರ್ಷ ನೋಡದೇ ಇದ್ದದ್ದನ್ನೆಲ್ಲ ಆಗ ನೋಡಿದೆ. ಎಡಗಿವಿಯ ಹಿಂದಿನ ಮಚ್ಚೆ. ಹಲ್ಲು ಬಿದ್ದು ಹೊಸದು ಅರ್ಧ ಬಂದಿದೆ. ಉಗುರು ಕಡಿಯುವ ಚಟ, ಅವಳಪ್ಪನ ಹಾಗೇ.

ಐದಕ್ಕೆ ಫೋನ್ ಹೊಡೆದುಕೊಂಡಿತು. ನಮ್ಮವರು ಹೊರಗೆ ಹೋಗಿ ಮಾತಾಡಿದರು. “ಮನೇಲಿದ್ದೀವಿ ಸ್ಮಿತಾ. ಮಲಗಿದ್ದಾಳೆ. ತಪ್ಪು ನಂದೇ.” ಅತ್ತಲಿಂದ ಏನು ಬಂತೋ, ಅವರು ಫೋನ್ ಜೇಬಿಗೆ ಹಾಕಿಕೊಂಡು ಒಳಗೆ ಬಂದರು.

ಆರಕ್ಕೆ ಸ್ಮಿತಾ ಬಂದಳು, ಮದುವೆಯ ಸೀರೆಯಲ್ಲೇ. ಮುಖ ಕೆಂಪಗಾಗಿತ್ತು.

“ಒಂದೇ ಒಂದು ಮಾತು ಕೇಳಿಕೊಂಡಿದ್ದೆ ಆಯೀ. ಒಂದೇ ಒಂದು. ಇನ್ನು ನಾನು ಯಾವ ಧೈರ್ಯದಲ್ಲಿ ಕಳಿಸ್ಲಿ?”

“ಅವಳೇ ಕೇಳಿದ್ಲು ಕಣಮ್ಮ. ಕಿಟಕೀಲಿ ಕಾಣೋ ರೈಲು ಕನಸಾ ಅಂತ.”

ಸ್ಮಿತಾ ಅಡುಗೆಮನೆಯತ್ತ ನಡೆದಳು. ತಾನು ನಾಲ್ಕು ವರ್ಷ ಅಡುಗೆ ಮಾಡಿದ ಕೋಣೆಯ ಹೊಸ್ತಿಲಲ್ಲಿ, ಒಳಗೆ ಬರಲೋ ಬೇಡವೋ ಎಂಬಂತೆ ನಿಂತಳು. ಮಗಳನ್ನು ನೋಡಿದಳು. ಹಿಮ್ಮಡಿಗೆ ಕಟ್ಟಿದ ಬಟ್ಟೆ ನೋಡಿದಳು. ಕಿಟಕಿಯತ್ತ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಚದ ತುದಿಗೆ ಕೂತಳು.

“ಐದು ನಿಮಿಷ ಮಲಗಿರ್ಲಿ,” ಎಂದಳು.

ನಾನು ಚಹಾ ಇಟ್ಟೆ. ಹೊರಡುವಾಗ, “ಇನ್ಯಾವಾಗ?” ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಬೇಡ ಎಂದಾಳೆಂಬ ಭಯಕ್ಕಿಂತ, ನೋಡೋಣ ಎಂದಾಳೆಂಬ ಭಯ ಹೆಚ್ಚಿತ್ತು. ಆದರೂ ಮೆಟ್ಟಿಲ ಹತ್ತಿರ ಅವಳೇ ನಿಂತಳು. “ಅವಳು ಕೇಳಿದ್ರೆ ಇನ್ನು ಕನಸು ಅನ್ನಲ್ಲ ಆಯೀ,” ಎಂದಳು.

ನಿದ್ದೆಗಣ್ಣಿನ ಶರ್ವರಿಯನ್ನು ನಮ್ಮವರು ಹೆಗಲಿಗೆ ಹಾಕಿಕೊಂಡು ಮೂರು ಮಹಡಿ ಇಳಿದರು. “ಬಿಡಿ ಬಾಬಾ, ನಡೀತಾಳೆ,” ಎಂದು ಸ್ಮಿತಾ ಹೇಳುತ್ತಲೇ ಇದ್ದಳು. “ಕಾಲು ನೋಯುತ್ತಲ್ಲ,” ಎನ್ನುತ್ತ ಅವರು ಒಂದೊಂದೇ ಮೆಟ್ಟಿಲು ಇಳಿದರು, ಬೇಕೆಂದೇ ನಿಧಾನವಾಗಿ. ರಿಕ್ಷಾದಲ್ಲಿ ಕೂರಿಸಿದಾಗ ಅವಳು ಕಣ್ಣು ತೆರೆದು, “ರೈಲು ಬಂತಾ ಆಜೋಬಾ?” ಎಂದಳು.

“ಬಂತು ಮಗಾ. ನೀನು ಮಲಗಿದ್ದೆ.”

“ಎಬ್ಬಿಸ್ಬಾರ್ದಿತ್ತಾ?”

ರಿಕ್ಷಾ ಹೊರಟುಹೋಯಿತು.

ಇದಾಗಿ ಎರಡು ಬೇಸಿಗೆ ಕಳೆದಿವೆ. ಹಬ್ಬಕ್ಕೆ ಫೋನ್ ಬರುತ್ತದೆ, ಮಗು ಬಂದಿಲ್ಲ. ಅವಳನ್ನು ಕಳಿಸಿದ ಆ ರಾತ್ರಿ ನಮ್ಮವರ ಬಲಹೆಗಲು ಹಿಡಿದುಕೊಂಡಿತ್ತು, ಕೈ ಎತ್ತಲಾಗುತ್ತಿರಲಿಲ್ಲ. ಎಣ್ಣೆ ಬಿಸಿ ಮಾಡಿ ತಂದೆ.

“ಎಂಟು ವರ್ಷದ ಹುಡುಗೀನ ಹೊತ್ಕೊಂಡು ಮೂರು ಮಹಡಿ ಇಳಿಯೋ ವಯಸ್ಸೇನ್ರೀ ಇದು? ತಿರುಗಿ, ತಿಕ್ತೀನಿ.”

“ಬೇಡ ಬಿಡು,” ಎಂದರು ಅವರು, ಗೋಡೆ ಕಡೆ ಮುಖ ಮಾಡಿಕೊಂಡೇ. “ಎರಡು ದಿನ ನೋಯ್ಲಿ.”