ಗಂಜಿಯ ಗಡಿಗೆಯಲ್ಲಿ ಸೂಜಿ

ಹೊಸ ಗಂಜಿಯನ್ನು ಮಗ್ಗದ ಹಾಸಿನ ನೂಲಿಗೆ ಬಳಿಯುವ ಮೊದಲು ನಾಲಿಗೆಗೆ ಹಚ್ಚಿ ನೋಡುವುದು ಬನಹಟ್ಟಿಯ ಸಾವಕ್ಕನ ಮನೆಯ ರೂಢಿ. ತರಿ ಉಳಿದಿದ್ದರೆ ಬೆರಳಿಗಿಂತ ಮೊದಲು ನಾಲಿಗೆಗೆ ತಿಳಿಯುತ್ತದೆ. ಅಂದು ಬಸುರಿ ಸೊಸೆ ಶೇವಂತಿ ಹಾಗೇ ಮಾಡಿದಳು. ಆದರೆ ಅದು ಎಂದಿನ ಜೋಳದ ಗಂಜಿಯಲ್ಲ. ನೇಕಾರರ ಸೊಸೈಟಿ ಮುಂಬಯಿಯಿಂದ ತರಿಸಿಕೊಟ್ಟ ಕಡಲಪಾಚಿಯ ಅಂಟು.

ಅಷ್ಟರಲ್ಲಿ ಸೊಸೈಟಿಯ ಪರೀಕ್ಷಕ ಕೃಷ್ಣಾಜಿ ಏದುಸಿರು ಬಿಡುತ್ತ ಬಂದ.

"ಸಾವಕ್ಕಾ, ಹೊಸ ಚೀಲ ಬಿಚ್ಚೀರೇನ್ರಿ? ಲಾರಿಯೊಳಗ ಮೈಲುತುತ್ತದ ಚೀಲ ಒಡದು ಅಂಟಿನ ಚೀಲದ ಮ್ಯಾಲ ಚೆಲ್ಲ್ಯದಂತ. ಬಾಯಿಗೆ ಹಚ್ಚಬ್ಯಾಡ್ರಿ, ವಿಷ ಅದು!"

ಶೇವಂತಿಯ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. "ಹಚ್ಚೇನ್ರಿ," ಎಂದಳು.

ಕೃಷ್ಣಾಜಿ ಗಡಿಗೆಯ ಗಂಜಿಯನ್ನು ಬಟ್ಟಲಿಗೆ ತೆಗೆದು, ತಾನು ತಂದ ಸೀಸೆಯಿಂದ ಅಯೋಡಿನ್ ಹನಿ ಬಿಟ್ಟ. "ಬ್ಯಾರೆ ಏನರ ಬೆರತದೇನು ಮೊದಲ ನೋಡ್ತೀನಿ. ಅಂಟು ಶುದ್ಧ ಇದ್ರ ಹನಿ ಕಂದಾಗೇ ಉಳೀತದ," ಎಂದ. ಹನಿ ಕಂದಾಗಿ ಉಳಿಯಲಿಲ್ಲ. ಕಡುನೀಲಿಯಾಗಿ ಹರಡಿತು.

"ಅಯ್ಯ ಪಾಂಡುರಂಗಾ, ನೀಲಿ!" ಸಾವಕ್ಕ ಗೋಡೆಗೊರಗಿದಳು.

"ಇದು ತುತ್ತದ ನೀಲಿ ಅಲ್ರಿ, ಹಿಟ್ಟಿಗೆ ಅಯೋಡಿನ್ ಬಿದ್ದ ನೀಲಿ. ಆದ್ರ ಚೀಲದಾಗ ಹಿಟ್ಟು ಎಲ್ಲಿಂದ ಬಂತು? ದಾರ್ಯಾಗ ಯಾರೋ ಬಿಚ್ಚ್ಯಾರ. ಇನ್ನೇನ ಬಿದ್ದದೋ." ಅವನು ಸಾವಕ್ಕನತ್ತ ಕೈ ಚಾಚಿದ. "ಒಂದು ಸೂಜಿ ಕೊಡ್ರಿ. ತುತ್ತ ಇದ್ರ ಕಬ್ಬಿಣದ ಮ್ಯಾಲ ತಾಮ್ರ ಕೂತು ಕೆಂಪಾಗತದ."

ಬೂದಿಯಲ್ಲಿ ತಿಕ್ಕಿದ ಸೂಜಿಯನ್ನು ದಾರಕ್ಕೆ ಪೋಣಿಸಿ ಗಡಿಗೆಗೆ ಇಳಿಬಿಟ್ಟರು. ಮಗ್ಗ ನಿಲ್ಲಿಸಿ ಕಾಯುತ್ತ ಕೂತರು. ಶೇವಂತಿಗೆ ನಾಲಿಗೆ ಜೋಮು ಹಿಡಿದಂತೆ, ಹೊಟ್ಟೆಯೊಳಗಿನ ಕೂಸು ಅಲುಗದೆ ಮಲಗಿದಂತೆ ಅನ್ನಿಸತೊಡಗಿತು. ದೇವರನ್ನು ಕರೆಯಬೇಕೆಂದರೆ ಹೆಸರೇ ನೆನಪಾಗಲೊಲ್ಲದು.

ಸಾವಕ್ಕ ಎದ್ದು ಬಂದು ಬೆರಳು ಅದ್ದಿದಳು. ಯಾರೂ ತಡೆಯುವ ಮೊದಲೇ ನೆಕ್ಕಿಬಿಟ್ಟಳು.

"ಅತ್ತೀ! ಏನ ಮಾಡಿದ್ರಿ!"

"ಸುಮ್ಕಿರ ಬೇ. ನಾಲಿಗಿ ಹಚ್ಚೂದು ನಾನ ಕಲಿಸೇನಿ. ಆಗೂದು ಇಬ್ಬರಿಗೂ ಆಗಲಿ."

ಕೃಷ್ಣಾಜಿ ಸೂಜಿ ಎತ್ತಿದ. ತೊಳೆದ. ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿದ. ಹಾಕಿದಾಗ ಇದ್ದಷ್ಟೇ ಬೆಳ್ಳಗಿತ್ತು.

"ತುತ್ತ ಇಲ್ಲ," ಎಂದು ಹೊಸ್ತಿಲ ಮೇಲೆ ಕುಸಿದು ಕೂತ. "ಹಂಗಾದ್ರ ಆ ಹಿಟ್ಟು?"

ಶೇವಂತಿ ಅಳುತ್ತಲೇ ಹೇಳಿದಳು: "ನಿನ್ನಿ ಜೋಳದ ಗಂಜಿ ಒಂದ ಸವಟ ಉಳಿಸಿ ಇದಕ್ಕ ಹಾಕೇನ್ರಿ. ಗಡಿಗಿ ಬರಿದ ಮಾಡಬಾರದು ಅಂತಾರ ಅತ್ತಿ."

ಚೀಲದ ಪುಡಿಯನ್ನೇ ನೀರಲ್ಲಿ ಕಲಸಿ ಹನಿ ಬಿಟ್ಟಾಗ ಅದು ಕಂದಾಗೇ ಉಳಿಯಿತು.

"ನಿಮ್ಮ ಸವಟ ನನ್ನ ಜೀವಾ ತಗೀತಿತ್ತಲ್ರೀ," ಎಂದ ಕೃಷ್ಣಾಜಿ.

ಮರುದಿನ ಹೊಸ ಗಂಜಿ ಕುದಿಯಿತು. ಹಳೆಯದೊಂದು ಸವಟು ಅದಕ್ಕೂ ಬಿತ್ತು. ಶೇವಂತಿ ಬೆರಳು ಚಾಚಿದಾಗ ಸಾವಕ್ಕ ಅವಳ ಕೈ ಸರಿಸಿದಳು. ಮೊದಲು ಸೂಜಿ ಇಳಿಬಿಟ್ಟು, ಕಾದು, ಆಮೇಲೆ ತನ್ನ ನಾಲಿಗೆ ಹಚ್ಚಿದಳು.