ಹಿಂಜಿದ್ದನ್ನೇ ಹಿಂಜಿ

ತೊಳೆದು ಒಣಗಿಸಿದ ಉಣ್ಣೆಯನ್ನು ಹಿಂಜುವಾಗ ಅತ್ತೆ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಕಿಟಕಿಯ ಪಕ್ಕ ಚಾಪೆ ಹಾಸಿಕೊಂಡು, ಗಂಟುಗಂಟಾದ ಉಣ್ಣೆಯನ್ನು ಎಳೆ ಎಳೆಯಾಗಿ ಬಿಡಿಸಿ, ಒಳಗೆ ಸಿಕ್ಕಿಕೊಂಡ ಮುಳ್ಳು, ಹುಲ್ಲುಕಡ್ಡಿಗಳನ್ನು ಉಗುರಿನಿಂದ ಕಿತ್ತು ಹಾಕುವರು. ಆಮೇಲೆಯೇ ರಾಟೆಯ ಮುಂದೆ ಕೂತು ನೂಲುವುದು.

ಆದರೆ ಈಚೆಗೆ ಅವರ ಕಣ್ಣು ಮಂಜಾಗಿತ್ತು. ಹೋದ ಸಲ ನೂಲು ಒಯ್ದ ನೇಕಾರ ಮರುದಿನವೇ ಬಂದು ಸೊಸೆಯನ್ನು ಬಾಗಿಲಾಚೆ ಕರೆದಿದ್ದ.

"ಅಕ್ಕಾ, ನೂಲಿನ ತುಂಬ ಕಸ. ಕಂಬಳಿ ಹೊದೆಯೋರಿಗೆ ಚುಚ್ಚುತ್ತೆ. ಇನ್ನೊಂದು ಸಲ ಹೀಗಾದ್ರೆ ಉಣ್ಣೆ ಬೇರೆಯವರಿಗೆ ಕೊಡಬೇಕಾಗುತ್ತೆ. ಅಜ್ಜಿಗೆ ನೀವೇ ಹೇಳಿ, ನನ್ನ ಬಾಯಲ್ಲಿ ಬರಲ್ಲ."

ಸೊಸೆಯ ಬಾಯಲ್ಲೂ ಬರಲಿಲ್ಲ. ಆ ಕೆಲಸ ತಪ್ಪಿದರೆ ಅತ್ತೆ ಅರ್ಧ ಇಳಿದು ಹೋಗುತ್ತಾರೆಂದು ಅವಳಿಗೆ ಗೊತ್ತು. ಮದುವೆಯಾಗಿ ಬಂದ ಹೊಸದರಲ್ಲಿ ತಾನು ತಳ ಹಿಡಿಸಿದ ಹಾಲಿನ ಪಾತ್ರೆಯನ್ನು ಯಾರ ಕಣ್ಣಿಗೂ ಬೀಳದ ಹಾಗೆ ತಿಕ್ಕಿಟ್ಟವರು ಈ ಅತ್ತೆ.

ಹಾಗಾಗಿ ಮಧ್ಯಾಹ್ನ ಅವರು ಅಡ್ಡಾಗಿ ಗೊರಕೆ ಶುರುವಾದ ಮೇಲೆ ಸೊಸೆ ಬೆಕ್ಕಿನ ಹೆಜ್ಜೆಯಿಟ್ಟು ಬುಟ್ಟಿಯನ್ನು ಅಡುಗೆಮನೆಗೆ ಒಯ್ಯುವಳು; ಹಿಂಜಿದ್ದನ್ನೇ ಮತ್ತೆ ಹಿಂಜುವಳು. ಗೊರಕೆ ನಿಂತರೆ ಅವಳ ಕೈಯೂ ನಿಲ್ಲುವುದು. ಕಿತ್ತ ಮುಳ್ಳುಗಳೆಲ್ಲ ಕಾಗದದಲ್ಲಿ ಸುತ್ತಿಕೊಂಡು ಕಸದ ಡಬ್ಬಿಯ ತಳ ಸೇರುವುವು.

ಈ ಸಲ ನೇಕಾರ ಬಂದು ನೂಲಿನ ಉಂಡೆಯನ್ನು ಕೆನ್ನೆಗೆ ಒತ್ತಿ ನೋಡಿದ. ಬಾಗಿಲ ಹಿಂದೆ ಸೊಸೆ ಕಿವಿಗೊಟ್ಟು ನಿಂತಳು.

"ಬೆಣ್ಣೆ ಇದ್ದಂಗಿದೆ. ಏನಜ್ಜಿ, ಕಣ್ಣಿಗೇನು ಮಾಡಿಸ್ಕೊಂಡ್ರಿ?"

"ಇನ್ನೆರಡು ಕಣ್ಣು ಹಾಕಿಸ್ಕೊಂಡೆ," ಎಂದರು ಅತ್ತೆ. "ಬಾಗಿಲ ಹಿಂದೆ ನಿಂತಿವೆ, ಬೇಕಾದ್ರೆ ನೋಡ್ಕೊಂಡು ಹೋಗು."

ಅವನು ನಗುತ್ತ ಹೊಸ ಉಣ್ಣೆಯ ಮೂಟೆ ಇಳಿಸಿ ಹೋದ. ಸೊಸೆ ನಾಚಿಕೊಂಡು ಹೊರಗೆ ಬಂದಳು.

"ಹೇಗೆ ಗೊತ್ತಾಯ್ತು ಅತ್ತೆ?"

"ಮಂಜಾಗಿರೋದು ಕಣ್ಣು, ಮೂಗಲ್ಲ. ನಾನು ಹಿಂಜಿಟ್ಟ ಉಣ್ಣೆಗೆ ಈರುಳ್ಳಿ ವಾಸನೆ ಎಲ್ಲಿಂದ ಬರುತ್ತೆ?"

"ಗೊತ್ತಿದ್ದೂ ಸುಮ್ನಿದ್ರಾ?"

"ನೀನು ಅಷ್ಟು ಕಷ್ಟಪಟ್ಟು ಕದ್ದು ಹೋಗೋವಾಗ ನಾನು ಎದ್ದು ಕೂತ್ರೆ ಚೆನ್ನಾಗಿರುತ್ತಾ? ದಿನಾ ಗೊರಕೆ ಹೊಡೆದೂ ಹೊಡೆದೂ ಗಂಟಲು ಒಣಗಿಹೋಯ್ತು ಕಣೆ. ನಾಳೆಯಿಂದ ಕೈ ತೊಳ್ಕೊಂಡು ಇಲ್ಲೇ ಬಂದು ಕೂತ್ಕೋ."

ಮರುದಿನ ಚಾಪೆಯ ಅರ್ಧ ಖಾಲಿ ಇತ್ತು. ಸೊಸೆ ಕೂತಳು. ಅತ್ತೆ ಬಿಡಿಸಿ ಕೊಟ್ಟ ಉಣ್ಣೆಯಲ್ಲಿ ಅವಳು ಮುಳ್ಳು ಹುಡುಕುತ್ತಿದ್ದಂತೆ ಹೆಗಲಿಗೆ ಏನೋ ಭಾರವಾಯಿತು. ಅತ್ತೆಗೆ ಜೋಂಪು ಹತ್ತಿತ್ತು. ಬಾಯಿ ಅರೆತೆರೆದು ಮಗುವಿನ ಹಾಗೆ ಉಸಿರಾಡುತ್ತಿದ್ದರು. ಗೊರಕೆಯ ಸುಳಿವೇ ಇರಲಿಲ್ಲ.